ಅಂಗಡಿಯವರು ಬ್ಯಾಟರಿ ಹೋಗಿದೆ ಅಂತಾರೆ, ನಿಜವಾಗಿ ಹೋಗಿದೆಯಾ? (ಮನೆ ಯುಪಿಎಸ್, 150 ಎಎಚ್)

ತೋಟದಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ತಿರ ಹಳ್ಳಿ. ಮನೆಯಲ್ಲಿ 850 ವಿಎ ಯುಪಿಎಸ್, 150 ಎಎಚ್ (ಆಂಪಿಯರ್-ಅವರ್) ಟ್ಯೂಬ್ಯುಲರ್ ಬ್ಯಾಟರಿ ಇದೆ. ಹಾಕಿಸಿ ಮೂರು ವರ್ಷ ಆಗ್ತಾ ಬಂತು. ಮೊದಲು ಎರಡು ಫ್ಯಾನು, ಆರು ಎಲ್‌ಇಡಿ ಬಲ್ಬು, ಟಿವಿ, ವೈಫೈ ಎಲ್ಲ ಹಾಕಿದ್ರೂ ನಾಲ್ಕು ಗಂಟೆ ಹತ್ತಿರ ಬರ್ತಿತ್ತು. ಈಗ ಮುಕ್ಕಾಲು ಗಂಟೆಗೇ ಕೀಂ ಕೀಂ ಅಂತ ಕೂಗಿ ಆಫ್. ಪೇಟೆ ಅಂಗಡಿಯವರಿಗೆ ಫೋನ್ ಮಾಡಿದ್ರೆ, ಬಂದು ನೋಡೋದೂ ಇಲ್ಲ, "ಬ್ಯಾಟರಿ ಹೋಗಿದೆ, ಹಳೇದು ಕೊಡಿ, ಹೊಸದು ಹಾಕಿಕೊಡ್ತೀವಿ" ಅಂದ್ರು. ಹದಿನೈದು ಸಾವಿರದ ಮಾತು. ಮನೆಯಲ್ಲೇ ಏನಾದ್ರೂ ನೋಡಿ ತಿಳ್ಕೊಳ್ಳೋಕೆ ಆಗತ್ತಾ? ಇನ್ನು ಮುಂದೆ ಹೀಗಾಗದ ಹಾಗೆ ನಿಗಾ ಇಡೋದು ಹೇಗೆ?

ಒಂದೇಮಾತು:
ನೀರು ಹಾಕಿದ್ದೀರಾ?

ತೋಟದಮನೆ:
ಹಾಕಿದ್ದೀನಿ. ಆರೂ ಮುಚ್ಚಳದ ಕಡ್ಡಿ ಹಸಿರಲ್ಲೇ ಇದೆ. ಮಲ್ಟಿಮೀಟರ್ ಇಟ್ಟು ನೋಡಿದೆ, 13.6 ತೋರಿಸ್ತು. ಚೆನ್ನಾಗೇ ಇದೆ ಅಲ್ವಾ?

ಹೈಡ್ರೋಮೀಟರ್:
ಅದು ಬ್ಯಾಟರಿಯ ವೋಲ್ಟೇಜ್ ಅಲ್ಲ ಸ್ವಾಮಿ, ಚಾರ್ಜರಿನದು. ಕರೆಂಟ್ ಇದ್ದಾಗ ನೋಡಿದ್ರೆ ಸತ್ತ ಬ್ಯಾಟರಿನೂ 13.6 ತೋರಿಸುತ್ತೆ. ಪೂರ್ತಿ ಚಾರ್ಜ್ ಆದ ಮೇಲೆ ಯುಪಿಎಸ್ ಆಫ್ ಮಾಡಿ, ಗೋಡೆಯ ಪ್ಲಗ್ಗೂ ತೆಗೆದು, ನಾಲ್ಕೈದು ಗಂಟೆ ಹಾಗೇ ಬಿಡಿ. ಆಮೇಲೆ ನೋಡಿ. 12.5ರಿಂದ 12.7 ಇದ್ರೆ ತುಂಬಿದೆ. 12.2 ಅಂದ್ರೆ ಹೆಚ್ಚು ಕಡಿಮೆ ಅರ್ಧ. 11.9ಕ್ಕೆ ಬಂದಿದ್ರೆ ಒಳಗೆ ಏನೂ ಉಳಿದಿಲ್ಲ.

ಆದರೆ ವೋಲ್ಟೇಜ್ ಒಂದನ್ನೇ ನೆಚ್ಚಿಕೊಂಡು ತೀರ್ಪು ಕೊಡಬೇಡಿ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇದ್ದವನು. ಅಲ್ಲಿ 2 ವೋಲ್ಟಿನ 24 ಸೆಲ್ ಸಾಲಾಗಿ ಜೋಡಿಸಿ 48 ವೋಲ್ಟ್ ಮಾಡಿರ್ತಿದ್ರು. ಒಂದು ಸೆಲ್ಲನ್ನು ಪೈಲಟ್ ಸೆಲ್ ಅಂತ ಗುರುತಿಟ್ಟು ಅದರ ಗ್ರಾವಿಟಿ, ಅಂದ್ರೆ ಒಳಗಿನ ಆಸಿಡ್ ನೀರಿಗಿಂತ ಎಷ್ಟು ಪಟ್ಟು ಸಾಂದ್ರ ಅನ್ನೋದನ್ನು, ದಿನಾ ಪುಸ್ತಕದಲ್ಲಿ ಬರೀಬೇಕು, ಉಳಿದವನ್ನು ಸರದಿಯ ಮೇಲೆ. ಸಾಹೇಬರು ಬಂದರೆ ಮೊದಲು ಕೇಳ್ತಿದ್ದದ್ದೇ ಆ ಪುಸ್ತಕ. ಮನೆ ಬ್ಯಾಟರಿಗೂ ನಿಯಮ ಅದೇ. ಗ್ರಾವಿಟಿ ಅಳೆಯೋ ಹೈಡ್ರೋಮೀಟರ್ ಇನ್ನೂರು ಮುನ್ನೂರು ರೂಪಾಯಿಗೆ ಸಿಗುತ್ತೆ. ಆರೂ ಸೆಲ್ಲಿನದು ಬರೆದುಕೊಂಡು ಬನ್ನಿ, ಮಾತಾಡೋಣ.

ಕಡಲಕರೆ:
ಒಂದು ಪ್ರಶ್ನೆ. ಯಾವಾಗಿನಿಂದ ಹೀಗೆ? ಒಂದೇ ಸಲಕ್ಕೆ ಬಿದ್ದದ್ದಾ, ಸ್ವಲ್ಪ ಸ್ವಲ್ಪವೇ ಇಳಿದದ್ದಾ? ಒಂದೇ ಸಲ ಅಂತಾದ್ರೆ ಟರ್ಮಿನಲ್ ನೋಡಿ ಮಾರಾಯ್ರೆ. ನಮ್ಮ ಉಡುಪಿ ಕಡೆ ಉಪ್ಪುಗಾಳಿಗೆ ಹಸಿರು ಹೂವು ಅರಳಿದ ಹಾಗೆ ತುಕ್ಕು ಬರ್ತದೆ. ಬಿಸಿನೀರಿಗೆ ಅಡುಗೆ ಸೋಡ ಹಾಕಿ ಬಟ್ಟೆಯಿಂದ ಒರಸಿ, ಒಣಗಿದ ಮೇಲೆ ನಟ್ಟು ಬಿಗಿ ಮಾಡಿ, ಮೇಲಿಂದ ವ್ಯಾಸಲೀನ್. ಸೋಡ ನೀರು ಮಾತ್ರ ಸೆಲ್ಲಿನ ಒಳಗೆ ಒಂದು ಹನಿಯೂ ಹೋಗಬಾರದು.

ಜ್ವಾಳದರೊಟ್ಟಿ:
ಅಷ್ಟೆಲ್ಲಾ ಯಾಕ್ರೀ? ನಮ್ಮ ಹುಬ್ಬಳ್ಯಾಗ ಒಬ್ಬ ಮೆಕ್ಯಾನಿಕ್ ಅದಾನ, ಹಳೇ ಆಸಿಡ್ ಚೆಲ್ಲಿ ಹೊಸಾ ಆಸಿಡ್ ಹಾಕಿಕೊಡ್ತಾನ. ನಮ್ಮ ಕಾಕಾನ ಬ್ಯಾಟರಿ ಮತ್ತ ಒಂದು ವರ್ಷ ನಡೀತು.

ಹೈಡ್ರೋಮೀಟರ್:
ಆಸಿಡ್ ಬದಲಾಯಿಸಿದ್ರೆ ಗ್ರಾವಿಟಿ ಮೇಲೆ ಹೋಗುತ್ತೆ, ಚಾರ್ಜ್ ಮೇಲೆ ಹೋಗೋದಿಲ್ಲ. ಕರೆಂಟ್ ಖರ್ಚಾದ ಹಾಗೆ ಆಸಿಡ್ಡಿನ ಸಲ್ಫೇಟು ಪ್ಲೇಟಿಗೆ ಹೋಗಿ ಕೂರುತ್ತೆ. ಅದಕ್ಕೇ ಗ್ರಾವಿಟಿ ಇಳಿಯೋದು. ಚಾರ್ಜ್ ಮಾಡಿದಾಗ ಪ್ಲೇಟಿನಿಂದ ವಾಪಸ್ ಬರಬೇಕು. ನೀವು ಹೊರಗಿನಿಂದ ಹೊಸ ಆಸಿಡ್ ಹಾಕಿದ್ರೆ, ಪ್ಲೇಟಿನ ಮೇಲೆ ಕೂತದ್ದು ಅಲ್ಲೇ ಗಟ್ಟಿಯಾಗಿ ಉಳಿಯುತ್ತೆ. ಹೈಡ್ರೋಮೀಟರ್ ಮಾತ್ರ "ಎಲ್ಲಾ ಸರಿ ಇದೆ" ಅಂತ ಸುಳ್ಳು ಹೇಳುತ್ತೆ. ಆವಿಯಾಗಿ ಹೋಗೋದು ನೀರು, ಆಸಿಡ್ ಅಲ್ಲ. ಚೆಲ್ಲಿ ಹೋಗಿದ್ರೆ ಮಾತ್ರ ಆಸಿಡ್ಡಿನ ಮಾತು.

ಜ್ವಾಳದರೊಟ್ಟಿ:
ನಡದದ್ದು ನಡದೈತಲ್ರೀ ಸರ, ನಮ್ಮ ಕಾಕಾ ಸುಳ್ಳು ಹೇಳ್ತಾನೇನು?

ಅಂಗಡಿಯವ:
ಕಾಕಾ ಸುಳ್ಳು ಹೇಳಿಲ್ಲ. ಆ ಮೆಕ್ಯಾನಿಕ್ ಆಸಿಡ್ ಹಾಕಿದ ಮೇಲೆ ಎರಡು ದಿನ ಹೊರಗಿನ ಚಾರ್ಜರಲ್ಲಿ ಇಟ್ಟಿರ್ತಾನೆ. ಉಪಕಾರ ಆಗಿದ್ದು ಆ ಚಾರ್ಜಿಂದ. ಹೆಸರು ಬಂದಿದ್ದು ಆಸಿಡ್ಡಿಗೆ.

ನಾನೂ ತುಮಕೂರಲ್ಲಿ ಬ್ಯಾಟರಿ ಅಂಗಡಿ ಇಟ್ಟಿರೋನು, ಎಲ್ಲಾ ಅಂಗಡಿಯವರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಗಿರಾಕಿಗಳು ನೀರು ಒಣಗಿಸ್ಕೊಂಡು ಬರ್ತಾರೆ, ಪ್ಲೇಟ್ ಹೊರಗೆ ಕಾಣ್ತಿರುತ್ತೆ, ಆಮೇಲೆ ವಾರಂಟಿ ಕೊಡಿ ಅಂತಾರೆ. ಇನ್ನೊಂದು ವಿಷಯ: ವಾರಂಟಿ ಕಾರ್ಡಲ್ಲಿ 36+24 ಅಂತ ಇದ್ರೆ ಮೊದಲ 36 ತಿಂಗಳು ಮಾತ್ರ ಬದಲಿ ಬ್ಯಾಟರಿ, ಆಮೇಲಿನ 24 ಪ್ರೋ-ರೇಟಾ, ಅಂದ್ರೆ ಹೊಸದರ ಮೇಲೆ ರಿಯಾಯಿತಿ ಅಷ್ಟೇ. ತೋಟದಮನೆಯವರೇ, ಮೂರು ವರ್ಷ "ಆಗ್ತಾ ಬಂತು" ಅಂದ್ರಲ್ಲ, ಮೊದಲು ಬಿಲ್ ತೆಗೆದು ತಾರೀಕು ನೋಡಿ! 36 ತಿಂಗಳು ಮುಗಿಯೋದ್ರೊಳಗೆ ದೂರು ಬರೆಸಿ ನಂಬರ್ ತಗೊಳ್ಳಿ.

ತೋಟದಮನೆ:
ಬಿಲ್ ಸಿಕ್ತು, ಇನ್ನೂ ಎರಡು ತಿಂಗಳು ಇದೆ! ದೂರು ಬರೆಸಿದೆ. ಹೈಡ್ರೋಮೀಟರೂ ತಂದೆ. ಕಡಲಕರೆಯವರೇ, ಸಂಕ್ರಾಂತಿ ಕಳೆದ ಮೇಲೆ ಸ್ವಲ್ಪ ಸ್ವಲ್ಪವೇ ಇಳಿದದ್ದು. ಟರ್ಮಿನಲ್ ಕ್ಲೀನಾಗಿದೆ. ಗ್ರಾವಿಟಿ: 1.160, 1.155, 1.160, 1.165, 1.155, 1.160. ವಿಶ್ರಾಂತಿ ಕೊಟ್ಟ ಮೇಲೆ ವೋಲ್ಟೇಜ್ 12.1.

ಹೈಡ್ರೋಮೀಟರ್:
ಭೇಷ್. ಈ ಅಂಕಿ ನೋಡಿ ನನಗೆ ಖುಷಿ ಆಯ್ತು. ತುಂಬಿದ ಟ್ಯೂಬ್ಯುಲರ್ 27 ಡಿಗ್ರಿಯಲ್ಲಿ 1.240ರ ಆಸುಪಾಸು ಇರಬೇಕು. ನಿಮ್ಮದು ಅರ್ಧಕ್ಕಿಂತ ಕೆಳಗೆ. ಆದರೆ ಆರೂ ಒಂದೇ ಸಮ ಇವೆ. ಸೆಲ್ ಸತ್ತಿದ್ರೆ ಐದು 1.220, ಒಂದು 1.100 ಹೀಗಿರ್ತಿತ್ತು. ಎಲ್ಲವೂ ಸಮನಾಗಿ ಕೆಳಗಿದ್ರೆ ಬ್ಯಾಟರಿಗೆ ಊಟ ಸಾಲ್ತಿಲ್ಲ ಅಂತ ಅರ್ಥ. ಚಾರ್ಜ್ ಯಾಕೆ ಆಗ್ತಿಲ್ಲ, ಅದನ್ನು ಹುಡುಕಿ.

ಕಡಲಕರೆ:
ಸಂಕ್ರಾಂತಿ ಕಳೆದ ಮೇಲೆ ಅಂತೀರಿ. ತೋಟಕ್ಕೆ ನೀರು ಬಿಡುವ ಕಾಲ ಅಲ್ವಾ ಅದು? ಪಂಪ್‌ಸೆಟ್ ಓಡುವಾಗ ಮನೆಯಲ್ಲಿ ವೋಲ್ಟೇಜ್ ಎಷ್ಟು ಉಂಟು?

ತೋಟದಮನೆ:
ಅಯ್ಯೋ, ಅದನ್ನು ಯೋಚಿಸೇ ಇರ್ಲಿಲ್ಲ. ಈಗಷ್ಟೇ ನೋಡಿದೆ, 168. ಸಂಜೆಯಿಂದ ರಾತ್ರಿ ತನಕ ಹೀಗೇ. ಬಲ್ಬು ಉರೀತಾ ಇರತ್ತೆ, ಎಲ್‌ಇಡಿ ಆದ್ದರಿಂದ ಮಂದ ಆಗಿದ್ದೂ ಗೊತ್ತಾಗಲ್ಲ.

ಸರ್ವರ್‌ರೂಮ್:
ಸಿಕ್ತು ನೋಡಿ. ಯುಪಿಎಸ್ ಹಿಂದುಗಡೆ ಒಂದು ಸಣ್ಣ ಸ್ವಿಚ್ ಇರುತ್ತೆ. ಒಂದು ಕಡೆ "ಯುಪಿಎಸ್", ಇನ್ನೊಂದು ಕಡೆ "ನಾರ್ಮಲ್" ಅಥವಾ "ಇಕೋ" ಅಂತ ಬರೆದಿರುತ್ತಾರೆ. ನಿಮ್ಮದು ಯಾವ ಕಡೆ ಇದೆ?

ಯುಪಿಎಸ್ ಮೋಡಲ್ಲಿ ಸಾಮಾನ್ಯವಾಗಿ 180ರಿಂದ 260 ವೋಲ್ಟ್ ಒಳಗಿದ್ರೆ ಮಾತ್ರ ಅದು ಲೈನನ್ನು ಒಪ್ಪಿಕೊಳ್ಳುತ್ತೆ. 168 ಬಂದ್ರೆ "ಕರೆಂಟ್ ಇಲ್ಲ" ಅಂತ ಲೆಕ್ಕ ಹಾಕಿ ಬ್ಯಾಟರಿಗೆ ಹೋಗುತ್ತೆ. ಅಂದ್ರೆ ಪಂಪ್ ಓಡೋ ಅಷ್ಟೂ ಹೊತ್ತು ಚಾರ್ಜಿಂಗ್ ಇಲ್ಲ, ಮೇಲಿಂದ ಖಾಲಿ ಬೇರೆ ಆಗ್ತಿರುತ್ತೆ. ನಿಜವಾಗಿ ಕರೆಂಟ್ ಹೋಗೋ ಹೊತ್ತಿಗೆ ಅರ್ಧ ಬ್ಯಾಟರಿ ಮುಗಿದಿರುತ್ತೆ. ನಾರ್ಮಲ್ ಮೋಡಲ್ಲಿ 100ರಿಂದ 290 ತನಕ ಒಪ್ಪಿಕೊಳ್ಳುತ್ತೆ. ಕಂಪನಿಯಿಂದ ಕಂಪನಿಗೆ ಅಂಕಿ ಸ್ವಲ್ಪ ಬೇರೆ, ಪುಸ್ತಕ ನೋಡಿ.

ತೋಟದಮನೆ:
ಯುಪಿಎಸ್ ಕಡೆಗೇ ಇದೆ! ಮಗಳ ಕಂಪ್ಯೂಟರ್ ಕರೆಂಟ್ ಹೋದಾಗೆಲ್ಲ ರೀಸ್ಟಾರ್ಟ್ ಆಗ್ತಿತ್ತು, ಆವಾಗ ಹುಡುಗ ಬಂದು ಇದನ್ನು ತಿರುಗಿಸಿ ಹೋಗಿದ್ದ.

ಸರ್ವರ್‌ರೂಮ್:
ಅವನು ಮಾಡಿದ್ದು ಸರಿಯೇ, ಕಂಪ್ಯೂಟರ್ ಮಟ್ಟಿಗೆ. ಯುಪಿಎಸ್ ಮೋಡಲ್ಲಿ ಲೈನಿಂದ ಬ್ಯಾಟರಿಗೆ ಹಾರೋದು ಹತ್ತು ಮಿಲಿಸೆಕೆಂಡ್ ಆಸುಪಾಸು. ನಾರ್ಮಲ್ ಮೋಡಲ್ಲಿ ಅದಕ್ಕಿಂತ ತಡ, ಫ್ಯಾನಿಗೆ ಗೊತ್ತಾಗಲ್ಲ, ಕಂಪ್ಯೂಟರಿಗೆ ಗೊತ್ತಾಗುತ್ತೆ. ಸ್ವಿಚ್ ನಾರ್ಮಲ್‌ಗೆ ಹಾಕಿ, ಕಂಪ್ಯೂಟರಿಗೆ ಮಾತ್ರ ಬೇರೆ 600 ವಿಎ ಚಿಕ್ಕ ಯುಪಿಎಸ್ ಇಡಿ.

ಬೆಂಗ್ಳೂರ್‌ಪಾಪು:
ತಡೀರಿ ತಡೀರಿ. ಇನ್ವರ್ಟರ್ (ಮನೆಯ ದೊಡ್ಡ ಯುಪಿಎಸ್ಸೇ) ಸ್ಕ್ವೇರ್ ವೇವ್ ಆಗಿದ್ರೆ, ಅಂದ್ರೆ ಅದು ಕೊಡೋ ಕರೆಂಟಿನ ಅಲೆ ಚೌಕ ಚೌಕವಾಗಿದ್ರೆ, ಅದರ ಹಿಂದೆ ಚಿಕ್ಕ ಯುಪಿಎಸ್ ಹಾಕಬೇಡಿ. ಎಷ್ಟೋ ಚಿಕ್ಕ ಯುಪಿಎಸ್‌ಗಳು ಆ ಅಲೆಯನ್ನು ಲೈನ್ ಅಂತಾನೇ ಒಪ್ಪಲ್ಲ. ಟಕ ಟಕ ಟಕ ಅಂತ ಬ್ಯಾಟರಿಗೂ ಲೈನಿಗೂ ಓಡಾಡಿ, ಒಳಗಿನ 7 ಎಎಚ್ ಖಾಲಿ ಆಗಿ ಕೊನೆಗೆ ಕಂಪ್ಯೂಟರೂ ಆಫ್. ಸೈನ್ ವೇವ್, ಅಂದ್ರೆ ಲೈನಿನ ಹಾಗೇ ನುಣುಪು ಅಲೆ ಆದ್ರೆ ತೊಂದರೆ ಇಲ್ಲ.

ಸರ್ವರ್‌ರೂಮ್:
ಒಪ್ಪಿದೆ. ಸೈನ್ ವೇವ್ ಅಂತ ನಾನೇ ಅಂದುಕೊಂಡುಬಿಟ್ಟೆ.

ತೋಟದಮನೆ:
ಕರೆಂಟ್ ಹೋದಾಗ ಫ್ಯಾನು ಗುಂಯ್ ಅನ್ನತ್ತೆ. ಸ್ಕ್ವೇರೇ ಇರಬೇಕು. ಮಗಳು ಈಗ ಲ್ಯಾಪ್‌ಟಾಪೇ ಉಪಯೋಗಿಸೋದು, ಹಾಗಾಗಿ ಆ ಚಿಂತೆ ಇಲ್ಲ. ಸ್ವಿಚ್ ನಾರ್ಮಲ್‌ಗೆ ಹಾಕಿದೆ.

ಜ್ವಾಳದರೊಟ್ಟಿ:
ಬ್ಯಾಟರಿದಲ್ಲ, ಲೈನಿಂದ ತಪ್ಪು ಅಂದಂಗಾತು. 1912ಕ್ಕ ಫೋನ್ ಹಚ್ಚರಿ. ಟ್ರಾನ್ಸ್‌ಫಾರ್ಮರ್ ಮ್ಯಾಲೆ ಲೋಡ್ ಜಾಸ್ತಿ ಆಗೇತಿ. ನಿರಂತರ ಜ್ಯೋತಿ ಅಂತ ಮನಿಗೆ ಬ್ಯಾರೆ ಫೀಡರ್, ಪಂಪಿಗೆ ಬ್ಯಾರೆ ಫೀಡರ್ ಮಾಡ್ಯಾರಲ್ಲ, ನಿಮ್ಮ ಊರಿಗೆ ಬಂದಿಲ್ಲೇನು?

ತೋಟದಮನೆ:
ನಮ್ಮಲ್ಲಿ ಮನೆಗಳೆಲ್ಲ ತೋಟದ ಒಳಗೇ ಒಂದೊಂದು ಮೂಲೆಗೆ. ಲೈನ್ ಬೇರೆ ಮಾಡೋದು ಅಂದ್ರೆ ಅರ್ಧ ಕಾಡು ಸುತ್ತಬೇಕು. ದೂರು ಬರೆಸಿದ್ದೀನಿ, ನೋಡಬೇಕು.

ನಿಂಬೆಹುಳಿ:
ಇದೆಲ್ಲ ಓದ್ತಾ ನಮ್ಮನೆ ಬ್ಯಾಟರಿ ನೋಡಿದೆ. ಮೂರು ಕಡ್ಡಿ ಕೆಂಪಲ್ಲಿದೆ. ಮನೆಯಲ್ಲಿ ಆರ್‌ಓ ನೀರಿದೆ, ಅದನ್ನೇ ಹಾಕಬಹುದಾ?

ಒಂದೇಮಾತು:
ಬೇಡ.

ಅಂಗಡಿಯವ:
ಬೇಡ ಮೇಡಂ. ಆರ್‌ಓ ನೀರಲ್ಲೂ ಲವಣ ಉಳಿದಿರುತ್ತೆ. ಟಿಡಿಎಸ್ ಮೀಟರ್ ಇಟ್ಟು ನೋಡಿ, ಐವತ್ತೋ ಎಂಬತ್ತೋ ತೋರಿಸುತ್ತೆ. ಡಿಸ್ಟಿಲ್ಡ್ ವಾಟರ್ ಸೊನ್ನೆ ಹತ್ತಿರ ಇರಬೇಕು. ನೀರು ಆವಿಯಾಗಿ ಹೋಗುತ್ತೆ, ಲವಣ ಒಳಗೇ ಉಳಿಯುತ್ತೆ, ಪ್ರತಿ ಸಲ ಇನ್ನಷ್ಟು ಸೇರುತ್ತೆ. ಕಬ್ಬಿಣ, ಕ್ಲೋರೈಡ್ ಎರಡೂ ಪ್ಲೇಟಿಗೆ ವಿಷ. ಕ್ಯಾನಿಗೆ ನೂರಿನ್ನೂರು ಕೊಟ್ಟು ತಗೊಳ್ಳಿ.

ಬೆಂಗ್ಳೂರ್‌ಪಾಪು:
ಎಸಿ ಇಂದ ತೊಟ್ಟಿಕ್ಕೋ ನೀರು? ಅದೂ ಆವಿಯಿಂದ ಬಂದಿದ್ದೇ ತಾನೇ.

ಹೈಡ್ರೋಮೀಟರ್:
ಬರೋದು ಆವಿಯಿಂದಲೇ. ಇಳಿಯೋದು ಧೂಳು ಹಿಡಿದ ಕಾಯಿಲ್ ಮೇಲಿಂದ. ತಾಮ್ರ, ಅಲ್ಯೂಮಿನಿಯಂ, ಪಾಚಿ ಎಲ್ಲಾ ಸೇರಿರುತ್ತೆ.

ತೋಟದಮನೆ:
ನಮ್ಮಪ್ಪ ಆಟಿ ಮಳೆಯ ನೀರು ಹಿಡಿದು ಇಡ್ತಿದ್ರು. ಟ್ರ್ಯಾಕ್ಟರ್ ಬ್ಯಾಟರಿಗೆ ಅದೇ.

ಕಡಲಕರೆ:
ನಾವೂ ಹಾಗೇ ಮಾಡ್ತಿದ್ದದ್ದು! ಅಂಗಳದ ನಡುವೆ, ಮರದ ಅಡಿ ಅಲ್ಲ, ಮಾಡಿನಿಂದ ಇಳಿದದ್ದೂ ಅಲ್ಲ. ನಾಲ್ಕು ದಿನ ಜೋರು ಮಳೆ ಹೊಯ್ದು ಗಾಳಿಯ ಧೂಳೆಲ್ಲ ತೊಳೆದು ಹೋದ ಮೇಲೆ, ಪ್ಲಾಸ್ಟಿಕ್ ಬಕೆಟಿಗೆ ನೇರ ಬಿದ್ದದ್ದು.

ಅಂಗಡಿಯವ:
ಉಡುಪಿಯ ಮಳೆ ನೀರು ಹಿಡಿದು ಅದೇ ಉಪ್ಪುಗಾಳಿಯ ಊರಲ್ಲಿ ಬ್ಯಾಟರಿಗೆ ಹಾಕ್ತೀರಾ? ಸಮುದ್ರದ ಹತ್ತಿರದ ಮಳೆಯಲ್ಲಿ ಕ್ಲೋರೈಡ್ ಇರುತ್ತೆ ಸಾರ್.

ಕಡಲಕರೆ:
ಹತ್ತು ವರ್ಷ ನಡೆದದ್ದು ನಮ್ಮ ಜೀಪಿನ ಬ್ಯಾಟರಿ.

ಅಂಗಡಿಯವ:
ಜೀಪಿನ ಬ್ಯಾಟರಿ ಹತ್ತು ವರ್ಷ? ಸರಿ ಬಿಡಿ, ಹುಬ್ಬಳ್ಳಿ ಕಾಕಾನ ಪಕ್ಕಕ್ಕೆ ನಿಮ್ಮನ್ನೂ ಕೂರಿಸ್ತೀವಿ.

ಹೈಡ್ರೋಮೀಟರ್:
ಜಗಳ ಸಾಕು. ನಿಂಬೆಹುಳಿ ಅವರೇ, ಪ್ಲೇಟ್ ಮುಳುಗಿದೆ ಅಂತಾದ್ರೆ ಮೊದಲು ಪೂರ್ತಿ ಚಾರ್ಜ್ ಆಗಲಿ, ಆಮೇಲೆ ನೀರು ಹಾಕಿ. ಚಾರ್ಜ್ ಆಗುವಾಗ ದ್ರವ ಉಬ್ಬುತ್ತೆ. ಮೊದಲೇ ಮೇಲಿನ ಗೆರೆ ತನಕ ತುಂಬಿಸಿದ್ರೆ ಆಸಿಡ್ ಉಕ್ಕಿ ಟ್ರಾಲಿ ಮೇಲೆ ಹರಿಯುತ್ತೆ. ಪ್ಲೇಟ್ ಒಣಗಿ ಕಾಣ್ತಿದ್ರೆ ಮಾತ್ರ ಮುಳುಗುವಷ್ಟು ಈಗಲೇ ಹಾಕಿ, ಉಳಿದದ್ದು ಆಮೇಲೆ. ನೀರು ಹಾಕಿದ ಕೂಡಲೇ ಗ್ರಾವಿಟಿ ನೋಡಬೇಡಿ, ಮೇಲೆ ಬರೀ ನೀರು ನಿಂತಿರುತ್ತೆ. ಒಂದು ಚಾರ್ಜ್ ಆಗಿ ಗುಳ್ಳೆ ಎದ್ದು ಕಲಕಿಕೊಳ್ಳಲಿ.

ನಿಂಬೆಹುಳಿ:
ಥ್ಯಾಂಕ್ಸ್ ಸರ್. ಮುಚ್ಚಳದ ಸುತ್ತ ಕೆಂಪಗೆ ಏನೋ ಹೆಪ್ಪುಗಟ್ಟಿದೆ, ತುಕ್ಕು ಅಂತ ಹೆದರಿದ್ದೆ. ಆಯುಧ ಪೂಜೆಯ ಕುಂಕುಮ! ನಮ್ಮತ್ತೆ ಆರೂ ಮುಚ್ಚಳಕ್ಕೆ ಒಂದೊಂದು ಬೊಟ್ಟು ಇಟ್ಟು, ಊದುಬತ್ತಿಯನ್ನ ಟ್ರಾಲಿಯ ಸಂದಿಗೇ ಸಿಕ್ಕಿಸ್ತಾರೆ.

ಹೈಡ್ರೋಮೀಟರ್:
ಕುಂಕುಮ ಇರಲಿ, ಗಾಳಿಯಾಡೋ ತೂತು ಬಿಟ್ಟು ಇಡೋಕೆ ಹೇಳಿ. ಊದುಬತ್ತಿ, ಕರ್ಪೂರ ಮಾತ್ರ ಹತ್ತಿರವೇ ಬೇಡ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಗೆ ಬರುತ್ತೆ. ಗಾಳಿಯಲ್ಲಿ 4 ಶೇಕಡಾ ಸೇರಿದ್ರೆ ಸಾಕು, ಕಿಡಿ ಸೋಕಿದ್ರೆ ಸಿಡಿಯುತ್ತೆ, ಸಿಡಿದಾಗ ಮುಖಕ್ಕೆ ಬರೋದು ಆಸಿಡ್. ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಬಾಗಿಲು ಹಾಕಿ ಇಡ್ತಾರಲ್ಲ, ಅದಕ್ಕೂ ಇದೇ ಮಾತು. ನಟ್ಟು ಬಿಗಿ ಮಾಡುವಾಗ ಬಳೆ, ಉಂಗುರ ತೆಗೆದಿಡಿ. ಸ್ಪ್ಯಾನರ್ ಎರಡೂ ಟರ್ಮಿನಲ್ಲಿಗೆ ತಾಗಿದ್ರೆ ಅಲ್ಲೇ ವೆಲ್ಡಿಂಗ್.

ನಿಂಬೆಹುಳಿ:
ಅತ್ತೆಗೆ ಓದಿ ಹೇಳಿದೆ. "ಇಷ್ಟು ವರ್ಷ ಏನೂ ಆಗಿಲ್ಲ" ಅಂದ್ರು. ಮುಂದಿನ ನವರಾತ್ರಿಗೆ ಊದುಬತ್ತಿ ಬಾಗಿಲ ಹೊರಗೆ, ಇಷ್ಟಕ್ಕೆ ರಾಜಿ ಆಗಿದೆ.

ಬೆಂಗ್ಳೂರ್‌ಪಾಪು:
ನಿಗಾ ಇಡೋದು ಹೇಗೆ ಅಂತ ಕೇಳಿದ್ರಲ್ಲ, ಅದಕ್ಕೆ ನಾನು ಮಾಡಿರೋದು ಹೇಳ್ತೀನಿ. ಅಪ್ಪ ಅಮ್ಮ ಹಾಸನದಲ್ಲಿ ಇಬ್ಬರೇ. ಒಂದು ಇಎಸ್‌ಪಿ32 ಬೋರ್ಡು (ವೈಫೈ ಇರೋ ಪುಟ್ಟ ಕಂಪ್ಯೂಟರ್ ಬೋರ್ಡು), ವೋಲ್ಟೇಜ್ ಇಳಿಸೋಕೆ ಎರಡು ರೆಸಿಸ್ಟರಿನ ವೋಲ್ಟೇಜ್ ಡಿವೈಡರು. 15 ವೋಲ್ಟ್ ಬಂದ್ರೂ ಬೋರ್ಡಿನ ಕಾಲಿಗೆ 3 ದಾಟದ ಹಾಗೆ ಲೆಕ್ಕ ಹಾಕಿ, ಬ್ಯಾಟರಿ ಪ್ಲಸ್ಸಲ್ಲೇ ಒಂದು ಸಣ್ಣ ಫ್ಯೂಸ್ ಹಾಕಿ ತಂದಿದ್ದೀನಿ. ನಿಮಿಷಕ್ಕೊಂದು ಸಲ ವೋಲ್ಟೇಜ್ ಕಳಿಸುತ್ತೆ. 13ಕ್ಕಿಂತ ಕೆಳಗೆ ಬಂದ್ರೆ ಬ್ಯಾಟರಿ ಮೇಲೆ ಓಡ್ತಿದೆ ಅಂತ, 11.5 ಆದ್ರೆ ಫೋನಿಗೆ ಮೆಸೇಜು. ಅಮ್ಮನಿಗೆ ಕಾಲ್ ಮಾಡಿ "ಟಿವಿ ಆಫ್ ಮಾಡಮ್ಮ" ಅಂತೀನಿ. ಅಮ್ಮನಿಗೆ ನಾನು ಕ್ಯಾಮರಾ ಇಟ್ಟಿದ್ದೀನಿ ಅಂತ ಅನುಮಾನ.

ಹೈಡ್ರೋಮೀಟರ್:
ಒಳ್ಳೇದು. ಆದರೂ ತಿಂಗಳಿಗೊಮ್ಮೆ ಮುಚ್ಚಳ ತೆಗೆದು ನೋಡೋರು ಒಬ್ಬರು ಬೇಕು. ನೀರು ಎಷ್ಟಿದೆ ಅಂತ ಆ ಬೋರ್ಡು ಹೇಳಲ್ಲ.

ಸರ್ವರ್‌ರೂಮ್:
ಆಫೀಸಿನ ಯುಪಿಎಸ್ ಇರೋರಿಗೆ ಒಂದಿಷ್ಟು. ಹಿಂದೆ ಯುಎಸ್‌ಬಿ ಅಥವಾ ಸೀರಿಯಲ್ ಪೋರ್ಟ್ ಇದ್ರೆ ಎನ್‌ಯುಟಿ ಅಂತ ಉಚಿತ ತಂತ್ರಾಂಶ ಇದೆ, ನೆಟ್‌ವರ್ಕ್ ಯುಪಿಎಸ್ ಟೂಲ್ಸ್. ಹೆಸರಾಂತ ಬ್ರಾಂಡಾದ್ರೆ ಬಹಳಷ್ಟು ಸಲ ಯುಎಸ್‌ಬಿಎಚ್‌ಐಡಿ ಡ್ರೈವರ್ ಸಾಕು. ನಮ್ಮಲ್ಲಿ ಸಿಗೋ ಎಷ್ಟೋ ಯುಪಿಎಸ್‌ಗಳು ಮೆಗಾಟೆಕ್ ಪ್ರೋಟೋಕಾಲಿನವು, ಅವಕ್ಕೆ ನಟ್‌ಡ್ರೈವ್-ಕ್ಯೂಎಕ್ಸ್. ಒಎಲ್ ಅಂದ್ರೆ ಲೈನಲ್ಲಿದೆ, ಒಬಿ ಅಂದ್ರೆ ಬ್ಯಾಟರಿಯಲ್ಲಿದೆ, ಎಲ್‌ಬಿ ಬಂದ್ರೆ ಬ್ಯಾಟರಿ ತಳ ಕಂಡಿದೆ. ಒಬಿ, ಎಲ್‌ಬಿ ಎರಡೂ ಸೇರಿದ ಕೂಡಲೇ ಸರ್ವರ್ ತಾನಾಗೇ ಶಟ್‌ಡೌನ್ ಆಗೋ ಹಾಗೆ ಇಡಬೇಕು. ಮೆಗಾಟೆಕ್ ಯುಪಿಎಸ್‌ಗಳಲ್ಲಿ ಶೇಕಡಾ ಎಷ್ಟು ಚಾರ್ಜ್ ಅಂತ ಬರೋದನ್ನ ನಂಬಬೇಡಿ. ವೋಲ್ಟೇಜ್ ನೋಡಿ ಊಹೆ ಮಾಡಿದ ಅಂಕಿ ಅದು. ಬೇಕಾದ್ರೆ ತುಂಬಿದಾಗಿನ, ಖಾಲಿಯಾದಾಗಿನ ವೋಲ್ಟೇಜ್ ನೀವೇ ಅಳೆದು ಸೆಟಪ್ಪಲ್ಲಿ ಬರೀಬೇಕು.

ನಮ್ಮ ಸೊಸೈಟಿಯ 3 ಕೆವಿಎ ಆನ್‌ಲೈನ್ ಯುಪಿಎಸ್ಸಲ್ಲಿ 12 ವೋಲ್ಟಿನ 8 ಎಸ್‌ಎಂಎಫ್ (ನೀರು ಹಾಕೋ ಹಾಗಿಲ್ಲದ, ಪೂರ್ತಿ ಮುಚ್ಚಿದ) ಬ್ಯಾಟರಿ ಸಾಲಾಗಿವೆ. ಒಟ್ಟು 96 ವೋಲ್ಟ್. ಒಂದು ಮಲಗಿದ್ರೆ ಎಂಟೂ ಮಲಗಿದ ಹಾಗೆ. ಮೂರು ತಿಂಗಳಿಗೊಮ್ಮೆ ಲೈನ್ ತೆಗೆದು ಲೋಡ್ ಮೇಲೆ ಓಡಿಸಿ ಒಂದೊಂದರ ವೋಲ್ಟೇಜ್ ನೋಡ್ತೀವಿ. ಏಳು 12.1 ಇದ್ದು ಒಂದು 10.8 ಅಂದ್ರೆ ಕಳ್ಳ ಸಿಕ್ಕಿದ. ಆ ಕೋಣೆಯ ಬಿಸಿಯೂ ನೋಡಿ, ಹತ್ತು ಡಿಗ್ರಿ ಜಾಸ್ತಿ ಆದ್ರೆ ಎಸ್‌ಎಂಎಫ್ ಆಯಸ್ಸು ಅರ್ಧ ಅಂತ ಲೆಕ್ಕ.

ಬೆಂಗ್ಳೂರ್‌ಪಾಪು:
ಎನ್‌ಯುಟಿಯಲ್ಲಿ ಅಂಕಿ ನೋಡೋ ಕಮಾಂಡಿನ ಹೆಸರು ಯುಪಿಎಸ್‌ಸಿ. ನಮ್ಮನೇಲಿ ನಾನು ದಿನಾ ಯುಪಿಎಸ್‌ಸಿ ಮಾಡ್ತೀನಿ ಅಂದ್ರೆ ಅಪ್ಪ ಖುಷಿಯಾಗಿದ್ರು.

ತೋಟದಮನೆ:
ವರದಿ: ನಾರ್ಮಲ್ ಮೋಡಿಗೆ ಹಾಕಿ ಎರಡು ವಾರ ಆಯ್ತು. ಮಧ್ಯೆ ಒಂದು ದಿನ ಟಿವಿ, ಫ್ಯಾನು ಹಾಕದೆ ಬರೀ ಚಾರ್ಜಿಗೆ ಬಿಟ್ಟೆ, ಸೆಲ್ಲಿನಲ್ಲಿ ಗುಳ್ಳೆ ಏಳೋದು ಕೇಳಿಸ್ತಿತ್ತು. ಈಗ ಐದು ಸೆಲ್ 1.225ರಿಂದ 1.230, ನಾಲ್ಕನೇದು ಮಾತ್ರ 1.215. ನಿನ್ನೆ ಸಂಜೆ ಕರೆಂಟ್ ಹೋಗಿತ್ತು, ಮೂರು ಗಂಟೆ ದಾಟಿದ್ರೂ ಕೂಗಲಿಲ್ಲ. ಅಂಗಡಿಯವರಿಗೆ ಹೇಳಿದೆ, "ಹಾಗಾದ್ರೆ ಸರಿ" ಅಂದ್ರು.

ಹೈಡ್ರೋಮೀಟರ್:
ಲೆಕ್ಕಕ್ಕೂ ಸರಿ ಹೊಂದುತ್ತೆ. ನಿಮ್ಮ ಲೋಡ್ ಸುಮಾರು 275 ವಾಟ್, ಇನ್ವರ್ಟರ್ ತಿನ್ನೋದು ಸೇರಿ ಬ್ಯಾಟರಿಯಿಂದ 28 ಆಂಪಿಯರ್ ಹೋಗುತ್ತೆ. 150 ಎಎಚ್ ಅನ್ನೋದು 20 ಗಂಟೆಯ ಲೆಕ್ಕ, ಅಂದ್ರೆ ಏಳೂವರೆ ಆಂಪಿಯರ್ ಎಳೆದಾಗ. 28 ಎಳೆದ್ರೆ ಅಷ್ಟು ಕೊಡೋದಿಲ್ಲ. ಮೂರೂವರೆ ನಾಲ್ಕು ಗಂಟೆ ಬಂದ್ರೆ ಬ್ಯಾಟರಿ ಆರೋಗ್ಯವಾಗಿದೆ. ನಾಲ್ಕನೇ ಸೆಲ್ ಮೇಲೆ ಕಣ್ಣಿರಲಿ, ಅದೇ ನಿಮ್ಮ ಪೈಲಟ್ ಸೆಲ್. ವಾರಂಟಿ ಮುಗಿಯೋ ಮೊದಲು ಇನ್ನೊಂದು ಸಲ ನೋಡಿ, ಉಳಿದ ಸೆಲ್ಲಿಗೂ ಅದಕ್ಕೂ ಅಂತರ 30 ಪಾಯಿಂಟ್ (0.030) ದಾಟಿದ್ರೆ ದೂರು ಮುಚ್ಚಿಸಬೇಡಿ.

ಅಂಗಡಿಯವ:
ಹಳೇ ಫ್ಯಾನ್ ತೆಗೆದು ಬಿಎಲ್‌ಡಿಸಿ ಹಾಕಿ, 75 ವಾಟ್ ಇದ್ದದ್ದು 30ಕ್ಕೆ ಬರುತ್ತೆ. ಬ್ಯಾಟರಿ ಮಾರೋನೇ ಹೇಳ್ತಿದ್ದೀನಿ ನೋಡಿ.

ಜ್ವಾಳದರೊಟ್ಟಿ:
ಲಿಥಿಯಂ ಹಾಕಿಸಿಬಿಟ್ರ ನೀರೂ ಬ್ಯಾಡ, ಆಸಿಡ್ಡೂ ಬ್ಯಾಡ. ಹಳೇ ಇನ್ವರ್ಟರಿಗೇ ಜೋಡಿಸಬಹುದೇನ್ರೀ?

ಬೆಂಗ್ಳೂರ್‌ಪಾಪು:
ವೋಲ್ಟೇಜ್ ಹತ್ತಿರ ಹತ್ತಿರ ಇದೆ, ಲಿಥಿಯಂ ಐರನ್ ಫಾಸ್ಫೇಟ್ ನಾಲ್ಕು ಸೆಲ್ ಸೇರಿ 12.8. ಆದ್ರೆ ಹಳೇ ಚಾರ್ಜರ್ ಆಗಾಗ ವೋಲ್ಟೇಜ್ ಏರಿಸಿ ಈಕ್ವಲೈಸ್ ಮಾಡೋದಾದ್ರೆ ಬ್ಯಾಟರಿ ಒಳಗಿನ ಬಿಎಂಎಸ್ (ಅದನ್ನು ಕಾಯೋ ಸರ್ಕ್ಯೂಟ್) ಟಕ್ ಅಂತ ಕಟ್ ಮಾಡುತ್ತೆ. ಲಿಥಿಯಂ ಸೆಟ್ಟಿಂಗ್ ಇರೋ ಇನ್ವರ್ಟರ್ ಆದ್ರೆ ಸರಿ. ಬೆಲೆ ಕೇಳಿದ್ದೀರಾ?

ಜ್ವಾಳದರೊಟ್ಟಿ:
ಕೇಳೀನ್ರೀ. ಅದಕ್ಕ ಮೊದಲು ಕಾಕಾನ ಮೆಕ್ಯಾನಿಕ್‌ನ ಒಮ್ಮೆ ಕೇಳ್ತೀನಿ.

ಒಂದೇಮಾತು:
ಆಸಿಡ್ ಬೇಡ.

ನಿಂಬೆಹುಳಿ:
ಬೇಸಿಗೆ ರಜೆಗೆ ಒಂದು ತಿಂಗಳು ಊರಿಗೆ ಹೋಗ್ತೀವಿ. ಯುಪಿಎಸ್ ಆಫ್ ಮಾಡಿ ಹೋಗಬೇಕಾ, ಹಾಗೇ ಬಿಡಬೇಕಾ?

ಹೈಡ್ರೋಮೀಟರ್:
ಹೊರಡೋ ಹಿಂದಿನ ದಿನ ಪೂರ್ತಿ ಚಾರ್ಜ್ ಆಗಲಿ, ನೀರು ಸರಿ ಮಾಡಿ. ಆಮೇಲೆ ಮುಂದಿನ ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದು, ಬ್ಯಾಟರಿಯ ಮೈನಸ್ ವೈರೂ ಬಿಚ್ಚಿಡಿ. ತುಂಬಿದ ಬ್ಯಾಟರಿ ಒಂದು ತಿಂಗಳಿಗೆ ಏನೂ ಆಗಲ್ಲ. ಏಪ್ರಿಲ್ ಮೇ ಅಂದ್ರೆ ಸಿಡಿಲಿನ ಕಾಲ ಬೇರೆ, ಪ್ಲಗ್ ತೆಗೆದಿದ್ರೇ ಒಳ್ಳೇದು. ಫ್ರಿಜ್ ಆ ಲೈನಿನಲ್ಲಿ ಇಲ್ಲ ತಾನೇ?

ನಿಂಬೆಹುಳಿ:
ಇಲ್ಲ ಸರ್, ಫ್ರಿಜ್ ಬೇರೆ ಲೈನು. ವೈರ್ ಬಿಚ್ಚೋಕೆ ನಮ್ಮನೆಯವರಿಗೆ ಹೇಳ್ತೀನಿ.